ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ನಮ್ಮವರು ನನ್ನಿಂದ ದೂರ ಸರಿಯುತ್ತಿದ್ದಾರೆ: ಸಲಹೆ ಬೇಕು

ಪ್ರಶ್ನೆ: ಹಾಸನದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನನಗೆ 58 ವರ್ಷ, ನಮ್ಮ ಯಜಮಾನರಿಗೆ 64. ಪ್ರಾಸ್ಟೇಟ್ ಗ್ರಂಥಿಯಲ್ಲಿ ತಯಾರಾಗುವ ಪಿ.ಎಸ್.ಎ. ಎಂಬ ಪ್ರೋಟೀನಿನ ಪ್ರಮಾಣ ಹೆಚ್ಚಿದೆ ಎಂದು ರಕ್ತಪರೀಕ್ಷೆಯಲ್ಲಿ ತಿಳಿದು ಬಯಾಪ್ಸಿ ಮಾಡಿಸಿದಾಗ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಗೊತ್ತಾಯಿತು. ರೋಗ ಗ್ರಂಥಿಯಿಂದ ಹೊರಗೆ ಹರಡಿರಲಿಲ್ಲವಾದ್ದರಿಂದ ಸುಮಾರು ಐದು ತಿಂಗಳ ಹಿಂದೆ ಬೆಂಗಳೂರಿನಲ್ಲಿ ರೋಬಾಟಿಕ್ ಶಸ್ತ್ರಚಿಕಿತ್ಸೆ ಮಾಡಿ ಇಡೀ ಗ್ರಂಥಿಯನ್ನು ತೆಗೆದರು. ಬಲಭಾಗದ ನರವನ್ನು ಉಳಿಸಿದ್ದೇವೆ, ಎಡಭಾಗದಲ್ಲಿ ಗಡ್ಡೆ ಅಂಚಿಗೆ ಹತ್ತಿರವಿದ್ದುದರಿಂದ ಅಲ್ಲಿಯ ನರವನ್ನು ಉಳಿಸಲಾಗಲಿಲ್ಲ ಎಂದು ವೈದ್ಯರು ಹೇಳಿದರು. ಆ ಹೊತ್ತಿನಲ್ಲಿ ಆ ಮಾತಿನ ಅರ್ಥ ನಮಗೆ ಪೂರ್ತಿಯಾಗಿ ಹೊಳೆಯಲಿಲ್ಲ. ಕ್ಯಾನ್ಸರ್ ಹೋಯಿತಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು. ಆನಂತರದ ಪಿ.ಎಸ್.ಎ. ಪರೀಕ್ಷೆಯೂ ಚೆನ್ನಾಗಿಯೇ ಬಂದಿದೆ.

ನನ್ನ ಚಿಂತೆ ಬೇರೆಯದು. ಆಸ್ಪತ್ರೆಯಿಂದ ಬಂದಾಗಿನಿಂದ ಅವರು ಹಾಲ್‌ನಲ್ಲಿರುವ ದಿವಾನದ ಮೇಲೆ ಮಲಗುತ್ತಿದ್ದಾರೆ. ರಾತ್ರಿ ಮೂತ್ರ ಸೋರಿ ಪ್ಯಾಡ್ ಬದಲಾಯಿಸಬೇಕಾಗುತ್ತದೆ, ನಿನ್ನ ನಿದ್ದೆ ಏಕೆ ಕೆಡಿಸಲಿ ಎನ್ನುತ್ತಿದ್ದರು. ಈಗ ಸೋರಿಕೆ ಬಹಳ ಕಡಿಮೆಯಾಗಿದ್ದರೂ ಕೋಣೆಗೆ ಮರಳಿಲ್ಲ. ಮೊದಲು ಭಾನುವಾರ ಬಂತೆಂದರೆ ನನ್ನ ಕೈಯಿಂದ ತಲೆಗೆ, ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡು ಸ್ನಾನ ಮಾಡುತ್ತಿದ್ದರು, ಅದನ್ನೂ ಬೇಡವೆನ್ನುತ್ತಾರೆ. ಪಕ್ಕದಲ್ಲಿ ಕುಳಿತು ಹೆಗಲ ಮೇಲೆ ಕೈಯಿಟ್ಟರೆ ಏನೋ ಕೆಲಸ ನೆನಪಾದವರಂತೆ ಎದ್ದು ಹೋಗುತ್ತಾರೆ. ಒಮ್ಮೆ ಧೈರ್ಯ ಮಾಡಿ ಕೇಳಿದ್ದಕ್ಕೆ, "ಈ ವಯಸ್ಸಿನಲ್ಲಿ ಇನ್ನೇನು, ವಾನಪ್ರಸ್ಥ ಬಂತೆಂದುಕೋ" ಎಂದರು. ಆದರೆ ನಮ್ಮ ದಾಂಪತ್ಯ ಶಸ್ತ್ರಚಿಕಿತ್ಸೆಯವರೆಗೂ ಎಲ್ಲ ರೀತಿಯಲ್ಲೂ ಚೆನ್ನಾಗಿಯೇ ಇತ್ತು. ಸಂಭೋಗವೊಂದೇ ಇಲ್ಲವಾಗಿದ್ದರೆ ನಾನು ಇಷ್ಟು ನೋಯುತ್ತಿರಲಿಲ್ಲ. ಅದರ ಜೊತೆಗೆ ಉಳಿದ ಸ್ಪರ್ಶವೆಲ್ಲ ಹೊರಟುಹೋಗಿರುವುದೇ ನನ್ನನ್ನು ಕಾಡುತ್ತಿದೆ.

ಅವರಲ್ಲಿ ನಿಮಿರುವಿಕೆ ಮತ್ತೆ ಬರುವುದೇ, ಬರುವುದಾದರೆ ಎಷ್ಟು ಕಾಲ ಹಿಡಿಯುತ್ತದೆ? ಕೂಡುವುದರಿಂದ ನನಗೆ ಕ್ಯಾನ್ಸರ್ ಅಂಟಬಹುದು ಎಂಬ ಭಯ ಅವರಿಗಿದೆಯೋ ಏನೋ ಎಂದು ನನಗೆ ಅನುಮಾನ. ಅಂಥ ಅಪಾಯವೇನಾದರೂ ಇದೆಯೇ? ತಪಾಸಣೆಗೆ ಹೋದಾಗಲೆಲ್ಲ ಮಗ ಜೊತೆಯಲ್ಲಿ ಕುಳಿತಿರುತ್ತಾನೆ, ಅವನ ಎದುರಿಗೆ ಇದನ್ನು ಕೇಳಲು ನಮ್ಮಿಬ್ಬರಿಗೂ ಬಾಯಿ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅವರ ಮನಸ್ಸಿಗೆ ನೋವಾಗದಂತೆ ಈ ಮಾತನ್ನು ಹೇಗೆ ತೆಗೆಯಲಿ? ಇಂಥದ್ದನ್ನು ಹಾದು ಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಮೈಸೂರಿನ ನಿವೃತ್ತ ನೌಕರ

ತಂಗಿ, ನಿಮ್ಮ ಯಜಮಾನರ ಜಾಗದಲ್ಲಿ ಕೆಲವು ವರ್ಷಗಳ ಹಿಂದೆ ನಾನಿದ್ದೆ. ಚಿಕಿತ್ಸೆಯ ವಿವರಗಳನ್ನು ಬಲ್ಲವರು ಹೇಳಲಿ. ಅವರು ಏಕೆ ಎದ್ದು ಹೋಗುತ್ತಾರೆ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಗಂಡಸಿನ ಮನಸ್ಸಿನಲ್ಲಿ ಹೆಂಡತಿಯ ಸ್ಪರ್ಶಕ್ಕೂ ಮುಂದೆ ನಡೆಯಬೇಕಾದುದಕ್ಕೂ ಎಷ್ಟೋ ವರ್ಷಗಳಿಂದ ಗಂಟು ಬಿದ್ದಿರುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ ದೇಹ ಸ್ಪಂದಿಸುವುದಿಲ್ಲ, ಬೆಳಗಿನ ಹೊತ್ತು ತಾನಾಗಿ ಆಗುತ್ತಿದ್ದ ನಿಮಿರುವಿಕೆಯೂ ನಿಂತಿರುತ್ತದೆ. ಆಗ ಹೆಗಲ ಮೇಲೆ ಬಿದ್ದ ಕೈ ಕೂಡ ಪರೀಕ್ಷೆಗೆ ಬಂದ ಕರೆಯಂತೆ ಕಾಣತೊಡಗುತ್ತದೆ. ಪೂರೈಸಲಾಗದ ಮಾತನ್ನು ಕೊಡುವುದೇ ಬೇಡವೆಂದು ಅವನು ಮುಟ್ಟುವುದನ್ನೇ ಬಿಡುತ್ತಾನೆ. ಹೆಂಡತಿಗೆ ಅದು ತಿರಸ್ಕಾರದಂತೆ ಕಾಣುತ್ತದೆ, ಅವನಿಗೋ ತಾನು ಅವಳಿಗೆ ನಿರಾಸೆಯಾಗದಂತೆ ಕಾಯುತ್ತಿದ್ದೇನೆ ಎನಿಸುತ್ತಿರುತ್ತದೆ. ವಾನಪ್ರಸ್ಥದ ಮಾತನ್ನು ನಾನೂ ಆಡಿದ್ದೆ. ಅದರಲ್ಲಿ ವೈರಾಗ್ಯ ಸ್ವಲ್ಪವೂ ಇರಲಿಲ್ಲ, ಇದ್ದದ್ದೆಲ್ಲ ಭಯ.

ನಮಗೆ ದಾರಿ ತೋರಿಸಿದವರು ಆಸ್ಪತ್ರೆಯ ಆಪ್ತಸಮಾಲೋಚಕಿ. ಕೆಲವು ವಾರಗಳ ಕಾಲ ಸಂಭೋಗದ ಪ್ರಯತ್ನವನ್ನೇ ಮಾಡುವುದಿಲ್ಲ ಎಂದು ಇಬ್ಬರೂ ಬಾಯಿಬಿಟ್ಟು ಒಪ್ಪಿಕೊಳ್ಳಿ, ಉಳಿದ ಎಲ್ಲ ಬಗೆಯ ಸ್ಪರ್ಶವನ್ನೂ ಇಟ್ಟುಕೊಳ್ಳಿ ಎಂದು ಅವರು ಹೇಳಿದರು. ಮೊದಲು ಗುಪ್ತಾಂಗಗಳನ್ನು ಬಿಟ್ಟು ಬೆನ್ನು, ಕೈ, ಪಾದ, ಮುಖ. ಒಬ್ಬರು ಮುಟ್ಟುವುದು, ಇನ್ನೊಬ್ಬರು ಯಾವುದು ಹಿತ, ಯಾವುದು ಬೇಡ ಎಂದು ಹೇಳುವುದು. ಆಮೇಲೆ ಅದಲು ಬದಲು. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕ ಜೋಡಿ ರೂಪಿಸಿದ ಈ ಕ್ರಮವನ್ನು ಲೈಂಗಿಕ ಚಿಕಿತ್ಸಕರು ಇಂದಿಗೂ ಬಳಸುತ್ತಾರಂತೆ. ಪರೀಕ್ಷೆಯೇ ಇಲ್ಲವೆಂದ ಮೇಲೆ ನಪಾಸಾಗುವ ಭಯವೂ ಇರುವುದಿಲ್ಲ ನೋಡಿ. ನಿಮ್ಮ ಮನೆಯಲ್ಲಿ ಎಣ್ಣೆ ಹಚ್ಚುವ ರೂಢಿ ಇದ್ದೇ ಇತ್ತು ಎನ್ನುತ್ತೀರಿ, ಅಲ್ಲಿಂದಲೇ ತೊಡಗಬಹುದು. ಆದರೆ ಸುಮ್ಮನೆ ಎಣ್ಣೆ ಬಟ್ಟಲು ಹಿಡಿದು ಹೋಗಬೇಡಿ. ಇದರಿಂದ ಮುಂದಕ್ಕೆ ನಾನು ಏನನ್ನೂ ನಿರೀಕ್ಷಿಸುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ಆ ಮಾತು ಕಿವಿಗೆ ಬೀಳುವವರೆಗೂ ಗಂಡಸಿನ ಮೈ ಬಿಗಿಯಾಗಿಯೇ ಇರುತ್ತದೆ.

ಇನ್ನೊಂದು ವಿಷಯವನ್ನು ಸಂಕೋಚ ಬಿಟ್ಟು ಬರೆಯುತ್ತೇನೆ. ನಿಮಿರದಿದ್ದರೂ ಸುಖದ ಪರಾಕಾಷ್ಠೆ ಬರುತ್ತದೆ. ವೀರ್ಯ ಮಾತ್ರ ಹೊರಬರುವುದಿಲ್ಲ. ಇದು ಸಾಧ್ಯವೆಂದು ನನಗೆ ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ತಿಳಿದ ದಿನ ಅರ್ಧ ಜೀವ ಮರಳಿ ಬಂದಂತಾಯಿತು.

ಉತ್ತರ 2: ಮೂತ್ರಾಂಗ ಶಸ್ತ್ರಚಿಕಿತ್ಸಕ, ಬೆಂಗಳೂರು

ಮೇಡಂ, ನಿಮ್ಮ ಯಜಮಾನರ ಕಡತಗಳನ್ನು ನಾನು ನೋಡಿಲ್ಲವಾದ್ದರಿಂದ ಸಾಮಾನ್ಯವಾಗಿ ಅನ್ವಯಿಸುವ ಮಾತುಗಳನ್ನಷ್ಟೇ ಹೇಳುತ್ತೇನೆ. ಭಯದ ಪ್ರಶ್ನೆಯನ್ನು ಮೊದಲು ಮುಗಿಸೋಣ. ಪ್ರಾಸ್ಟೇಟ್ ಕ್ಯಾನ್ಸರ್ ಸಂಭೋಗದಿಂದಾಗಲಿ, ಮುತ್ತಿನಿಂದಾಗಲಿ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದಾಗಲಿ ಅಂಟುವುದಿಲ್ಲ. ಲೈಂಗಿಕ ಸುಖದಿಂದ ಕ್ಯಾನ್ಸರ್ ಮರುಕಳಿಸುವುದೂ ಇಲ್ಲ. ಗಾಯ ಮಾಯ್ದ ಮೇಲೆ, ಅಂದರೆ ಸಾಮಾನ್ಯವಾಗಿ ಆರು ವಾರಗಳ ನಂತರ, ದೇಹ ಸಂಪರ್ಕಕ್ಕೆ ಅಡ್ಡಿಯಿಲ್ಲ.

ನಿಮಿರುವಿಕೆಯನ್ನು ಉಂಟುಮಾಡುವ ನರಗಳು ಪ್ರಾಸ್ಟೇಟ್ ಗ್ರಂಥಿಯ ಎರಡೂ ಪಕ್ಕಗಳಲ್ಲಿ ಅದಕ್ಕೆ ಅಂಟಿಕೊಂಡೇ ಹಾದುಹೋಗುತ್ತವೆ. ಅವುಗಳ ನಿಖರವಾದ ದಾರಿ ಬಹಳ ಕಾಲ ಶಸ್ತ್ರವೈದ್ಯರಿಗೇ ತಿಳಿದಿರಲಿಲ್ಲ. ಅಮೆರಿಕದ ಪ್ಯಾಟ್ರಿಕ್ ವಾಲ್ಶ್ ಅವರು ನೆದರ್‌ಲ್ಯಾಂಡ್ಸ್‌ನ ಪೀಟರ್ ಡಾಂಕರ್ ಅವರೊಡನೆ ಸೇರಿ 1981ರಲ್ಲಿ ಅದನ್ನು ಗುರುತಿಸಿದರು. ಮರುವರ್ಷ, 1982ರಲ್ಲಿ, ವಾಲ್ಶ್ ಅವರು ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ನರ ಉಳಿಸುವ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಅದಕ್ಕೂ ಮೊದಲು ಈ ಚಿಕಿತ್ಸೆಗೆ ಒಳಗಾದ ಬಹುಪಾಲು ಗಂಡಸರು ಈ ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದರು. ಆದರೆ ನರ ಉಳಿಸಿದ್ದೇವೆ ಎಂದರೆ ಅದು ಕೂಡಲೇ ಕೆಲಸ ಮಾಡುತ್ತದೆ ಎಂದರ್ಥವಲ್ಲ. ಗ್ರಂಥಿಯಿಂದ ಬಿಡಿಸುವಾಗಿನ ಎಳೆತಕ್ಕೆ, ಶಾಖಕ್ಕೆ ಅದು ಪೆಟ್ಟು ತಿಂದು ಮಂಕಾಗಿರುತ್ತದೆ. ಚೇತರಿಕೆಗೆ ಸಾಮಾನ್ಯವಾಗಿ 18ರಿಂದ 24 ತಿಂಗಳು ಹಿಡಿಯುತ್ತದೆ, ಕೆಲವರಲ್ಲಿ ಇನ್ನೂ ತಡವಾಗುತ್ತದೆ. ಆದ್ದರಿಂದ ಐದು ತಿಂಗಳಿಗೆ ಏನೂ ಆಗಿಲ್ಲವೆಂದು ಕೈಚೆಲ್ಲುವುದು ತೀರ ಅವಸರವಾಗುತ್ತದೆ. ಒಂದೇ ಬದಿಯ ನರ ಉಳಿದಿರುವಾಗ ಚೇತರಿಕೆಯ ಸಾಧ್ಯತೆ ಎರಡೂ ಉಳಿದವರಿಗಿಂತ ಕಡಿಮೆ, ಒಂದೂ ಉಳಿಯದವರಿಗಿಂತ ಹೆಚ್ಚು. ವಯಸ್ಸು, ಮಧುಮೇಹ, ರಕ್ತದೊತ್ತಡ, ಧೂಮಪಾನ, ಶಸ್ತ್ರಚಿಕಿತ್ಸೆಗೆ ಮುಂಚಿನ ಶಕ್ತಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮೊದಲಿನಷ್ಟೇ ಬಲ ಮರಳುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಮೇಲಿನ ಹಿರಿಯರು ಹೇಳಿದ ಪರಾಕಾಷ್ಠೆಯ ಮಾತು ಪೂರ್ತಿ ನಿಜ. ಚರ್ಮದ ಸಂವೇದನೆಯನ್ನೂ ಆ ಸುಖವನ್ನೂ ಹೊತ್ತೊಯ್ಯುವ ನರ ಬೇರೆ ದಾರಿಯಲ್ಲಿ ಸಾಗುವುದರಿಂದ ಈ ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಪೆಟ್ಟಾಗುವುದಿಲ್ಲ. ವೀರ್ಯದ ದ್ರವವನ್ನು ತಯಾರಿಸುವ ಪ್ರಾಸ್ಟೇಟ್ ಗ್ರಂಥಿ ಮತ್ತು ವೀರ್ಯಕೋಶಗಳು ಎರಡನ್ನೂ ತೆಗೆದಿರುವುದರಿಂದ ಸ್ಖಲನವಾಗುವುದಿಲ್ಲ, ಅಷ್ಟೆ. ಕೆಲವರಿಗೆ ಆ ಕ್ಷಣದಲ್ಲಿ ಸ್ವಲ್ಪ ಮೂತ್ರ ಹೊರಬೀಳುತ್ತದೆ. ನಿಮ್ಮ ಯಜಮಾನರಿಗೆ ಈ ಅನುಭವ ಒಮ್ಮೆ ಆಗಿದ್ದರೆ, ಅವರು ದೂರ ಸರಿಯಲು ಅದೊಂದೇ ಸಾಕು. ಆ ಮೂತ್ರದಿಂದ ನಿಮಗೆ ಹಾನಿಯಿಲ್ಲ. ಮುಂಚೆ ಮೂತ್ರ ಮಾಡಿ ಬರುವುದು, ಸಂಜೆಯ ಮೇಲೆ ಕಾಫಿ ಚಹಾ ಕಡಿಮೆ ಮಾಡುವುದು, ಬೇಕಿದ್ದರೆ ಕಾಂಡೋಮ್ ಬಳಸುವುದು, ಹಾಸಿಗೆಯ ಮೇಲೊಂದು ಟವೆಲ್ ಹಾಸಿಕೊಳ್ಳುವುದು ಇಷ್ಟರಿಂದ ಬಹಳಷ್ಟು ನಿಭಾಯಿಸಬಹುದು. ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮವನ್ನು ಅವರು ಬಿಡಬಾರದು: ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ಉಸಿರು ಕಟ್ಟದೆ ಕೆಲವು ಸೆಕೆಂಡು ಬಿಗಿದು, ಅಷ್ಟೇ ಹೊತ್ತು ಸಡಿಲಿಸಬೇಕು. ಒಮ್ಮೆಗೆ ಹತ್ತು ಸಲದಂತೆ ದಿನಕ್ಕೆ ಮೂರು ಹೊತ್ತು ಮಾಡಬೇಕು. ಸರಿಯಾದ ಸ್ನಾಯುವೇ ಹೌದೋ ಎಂಬುದನ್ನು ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಿ ಹೇಳಿದರೆ ಒಳ್ಳೆಯದು.

ಔಷಧಗಳ ವಿಷಯಕ್ಕೆ ಬಂದರೆ, ಸಿಲ್ಡೆನಾಫಿಲ್ ಮತ್ತು ಟಡಾಲಾಫಿಲ್ ಮಾತ್ರೆಗಳು ಮೊದಲ ಮೆಟ್ಟಿಲು. ಇವು ತಾವಾಗಿ ನಿಮಿರುವಿಕೆಯನ್ನು ಹುಟ್ಟಿಸುವುದಿಲ್ಲ. ನರದಿಂದ ಹೊರಟ ಸಂದೇಶವನ್ನು ಬಲಪಡಿಸುತ್ತವೆ. ನರವೇ ಮಂಕಾಗಿರುವ ಮೊದಲ ತಿಂಗಳುಗಳಲ್ಲಿ ಮಾತ್ರೆ ಫಲ ಕೊಡಲಿಲ್ಲವೆಂದು ಅದನ್ನು ಶಾಶ್ವತವಾಗಿ ಬಿಟ್ಟುಬಿಡುವವರು ಬಹಳ ಮಂದಿ, ಅದೇ ಮಾತ್ರೆ ಒಂದು ವರ್ಷದ ನಂತರ ಕೆಲಸ ಮಾಡಬಹುದು. ಸಿಲ್ಡೆನಾಫಿಲ್ ಅನ್ನು ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು, ಹೊಟ್ಟೆ ತುಂಬ ಎಣ್ಣೆ ತುಪ್ಪದ ಊಟವಾದ ಮೇಲೆ ಅದರ ಪರಿಣಾಮ ತಡವಾಗುತ್ತದೆ. ಟಡಾಲಾಫಿಲ್‌ನ ಪ್ರಭಾವ 36 ಗಂಟೆಗಳವರೆಗೂ ಇರಬಲ್ಲದು. ದಿನವೂ ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡರೆ ನರ ಬೇಗ ಚೇತರಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆಯಿಲ್ಲದಿದ್ದರೂ ಅಂಗಕ್ಕೆ ರಕ್ತದ ಹರಿವು ಇರಲಿ ಎಂಬ ಉದ್ದೇಶದಿಂದ ಅನೇಕ ವೈದ್ಯರು ಹಾಗೆ ಬರೆದುಕೊಡುತ್ತಾರೆ. ಹೃದಯದ ತೊಂದರೆಗಾಗಿ ನೈಟ್ರೇಟ್ ಔಷಧ ತೆಗೆದುಕೊಳ್ಳುವವರು ಈ ಮಾತ್ರೆಗಳನ್ನು ಮುಟ್ಟಲೇಬಾರದು; ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಅಪಾಯವಾಗುತ್ತದೆ.

ಮಾತ್ರೆ ಸಾಲದಿದ್ದರೆ ಗಾಳಿ ಹೀರಿ ಅಂಗಕ್ಕೆ ರಕ್ತವನ್ನು ಸೆಳೆಯುವ ನಿರ್ವಾತ ಪಂಪ್ ಇದೆ. ರಕ್ತ ಹಿಂದಿರುಗದಂತೆ ಬುಡಕ್ಕೆ ಹಾಕುವ ಉಂಗುರವನ್ನು 30 ನಿಮಿಷದೊಳಗೆ ತೆಗೆಯಬೇಕು. ಅದಕ್ಕಿಂತ ಬಲವಾದುದು ಅಂಗದ ಪಕ್ಕಕ್ಕೆ ಸಣ್ಣ ಸೂಜಿಯಿಂದ ಕೊಡುವ ಇಂಜೆಕ್ಷನ್. ಅದು ನರದ ನೆರವಿಲ್ಲದೆ ನೇರವಾಗಿ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ನರ ಉಳಿಯದವರಲ್ಲಿಯೂ ಕೆಲಸ ಮಾಡುತ್ತದೆ. ಮೊದಲ ಪ್ರಮಾಣವನ್ನು ವೈದ್ಯರೇ ಕೊಟ್ಟು ಕಲಿಸಬೇಕು. ನಿಮಿರುವಿಕೆ ನಾಲ್ಕು ಗಂಟೆ ಮೀರಿದರೆ ತುರ್ತು ಚಿಕಿತ್ಸೆಗೆ ಧಾವಿಸಬೇಕು. ಇದಾವುದೂ ಒಗ್ಗದಿದ್ದರೆ, ನರ ಚೇತರಿಸಲು ಸಾಕಷ್ಟು ಕಾಲ ಕೊಟ್ಟು ನೋಡಿದ ಮೇಲೆ, ಒಳಗೆ ಕೃತಕ ಸಾಧನವನ್ನು ಅಳವಡಿಸುವ ಶಸ್ತ್ರಚಿಕಿತ್ಸೆಯೂ ಇದೆ.

ಮಗನ ವಿಷಯ. ಹೊರಗೆ ಕೂರಿಸಿ ಎಂದು ನೀವೇ ಹೇಳಬೇಕಾಗಿಲ್ಲ. ಮುಂದಿನ ಭೇಟಿಗೆ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ, ದಂಪತಿಗಳಿಬ್ಬರೇ ವೈದ್ಯರೊಡನೆ ಮಾತನಾಡಬೇಕಾಗಿದೆ ಎಂದು ತಿಳಿಸಿ. ನಾವೇ ಮಗನನ್ನು ಔಷಧದಂಗಡಿಗೋ ಬಿಲ್ ಕೌಂಟರಿಗೋ ಕಳುಹಿಸುತ್ತೇವೆ. ಈ ಪ್ರಶ್ನೆಯನ್ನು ವೈದ್ಯರೇ ಮೊದಲು ಎತ್ತಬೇಕಾದದ್ದು ನ್ಯಾಯ ಎಂಬುದು ನನ್ನ ಅಭಿಪ್ರಾಯ. ಆದರೆ ಜನ ತುಂಬಿದ ಹೊರರೋಗಿ ವಿಭಾಗದಲ್ಲಿ ಅದಕ್ಕೆ ಬಿಡುವಾಗುವುದಿಲ್ಲವಾದ್ದರಿಂದ ನೀವು ಕೇಳಲೇಬೇಕು.

ಉತ್ತರ 3: ಶಿವಮೊಗ್ಗದ ಓದುಗ

ನನಗೂ ಪ್ರಾಸ್ಟೇಟ್ ಆಪರೇಷನ್ ಆಗಿದೆ. ವೀರ್ಯ ಹೊರಬರುವುದು ನಿಂತಿದೆಯೇ ಹೊರತು ಬೇರೆ ಯಾವ ತೊಂದರೆಯೂ ಆಗಿಲ್ಲ. ನಿಮ್ಮವರಿಗೂ ಸರಿಹೋಗುತ್ತದೆ, ಧೈರ್ಯವಾಗಿರಿ.

ಉತ್ತರ 4: ಮೂತ್ರಾಂಗ ಶಸ್ತ್ರಚಿಕಿತ್ಸಕ, ಬೆಂಗಳೂರು

ಶಿವಮೊಗ್ಗದವರು ಹೇಳುತ್ತಿರುವುದು ಬಹುಶಃ ವಯಸ್ಸಿಗೆ ಸಹಜವಾಗಿ ಊದಿಕೊಂಡ ಗ್ರಂಥಿಯ ಒಳಭಾಗವನ್ನು ಮೂತ್ರನಾಳದ ಮೂಲಕ ಕೆರೆದು ತೆಗೆಯುವ ಟಿ.ಯು.ಆರ್.ಪಿ. ಚಿಕಿತ್ಸೆಯನ್ನು. ಅದರಲ್ಲಿ ಗ್ರಂಥಿಯ ಹೊರಕವಚ ಉಳಿದಿರುತ್ತದೆ, ನರಗಳಿಗೆ ಸಾಮಾನ್ಯವಾಗಿ ಪೆಟ್ಟಾಗುವುದಿಲ್ಲ, ವೀರ್ಯ ಹಿಮ್ಮುಖವಾಗಿ ಮೂತ್ರಕೋಶಕ್ಕೆ ಹೋಗಿ ಆಮೇಲೆ ಮೂತ್ರದೊಡನೆ ಹೊರಬೀಳುತ್ತದೆ. ಎರಡನ್ನೂ ಜನ ಪ್ರಾಸ್ಟೇಟ್ ಆಪರೇಷನ್ ಎಂದೇ ಕರೆಯುವುದರಿಂದ, ಪಕ್ಕದ ಮನೆಯವರಿಗೆ ಏನೂ ಆಗಲಿಲ್ಲ, ನನಗೇ ಏಕೆ ಹೀಗಾಯಿತು ಎಂದು ಕ್ಯಾನ್ಸರ್ ರೋಗಿಗಳು ಕೊರಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಈ ಹೋಲಿಕೆ ಅವರ ಮನಸ್ಸಿನಲ್ಲಿದ್ದರೆ ಮೊದಲು ಅದನ್ನು ತೆಗೆದುಹಾಕಿ.

ಉತ್ತರ 5: ಉಡುಪಿ ಕಡೆಯವಳು

ಅಕ್ಕಾ, ನಮ್ಮವರಿಗೂ ಇದೇ ಶಸ್ತ್ರಚಿಕಿತ್ಸೆಯಾಗಿ ಮೂರನೆಯ ವರ್ಷ ನಡೆಯುತ್ತಿದೆ. ಎಲ್ಲರೂ ಗಂಡಸಿನ ದೇಹದ ಬಗ್ಗೆಯೇ ಬರೆದಿದ್ದಾರೆ, ನಾನು ನಿಮ್ಮ ದೇಹದ ಬಗ್ಗೆ ಬರೆಯುತ್ತೇನೆ. ನಮ್ಮ ವಯಸ್ಸಿಗೆ ಮುಟ್ಟು ನಿಂತು ವರ್ಷಗಳಾಗಿರುತ್ತವೆ. ಅದರ ಮೇಲೆ ಶಸ್ತ್ರಚಿಕಿತ್ಸೆಯ ನೆಪದಲ್ಲಿ ಕೆಲವು ತಿಂಗಳು ಬಿಡುವಾದರೆ ಯೋನಿ ಒಣಗಿ, ಮತ್ತೆ ಪ್ರಯತ್ನಿಸುವಾಗ ನೋವಾಗುತ್ತದೆ. ನಮ್ಮ ಮುಖದಲ್ಲಿ ಆ ನೋವು ಕಂಡರೆ ಅವರು ತಮ್ಮಿಂದಲೇ ತಪ್ಪಾಯಿತೆಂದು ಮತ್ತೆ ಹಿಂಜರಿಯುತ್ತಾರೆ. ಔಷಧದಂಗಡಿಯಲ್ಲಿ ಸಿಗುವ ನೀರಿನಂಶದ ಜೆಲ್ ತರಿಸಿಕೊಳ್ಳಿ. ನಮ್ಮ ಕಡೆ ಎಲ್ಲದಕ್ಕೂ ತೆಂಗಿನೆಣ್ಣೆಯೇ ಕೈಗೆ ಬರುತ್ತದೆ, ಆದರೆ ಕಾಂಡೋಮ್ ಬಳಸುವುದಾದರೆ ಎಣ್ಣೆ ಬೇಡ, ರಬ್ಬರು ಹರಿಯುತ್ತದೆ. ಒಣಗುವಿಕೆ ಹೆಚ್ಚಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಹಚ್ಚಿಕೊಳ್ಳುವ ಈಸ್ಟ್ರೋಜನ್ ಕ್ರೀಮ್ ಇದೆ, ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು.

ನಮಗೆ ಮಾತ್ರೆಯಿಂದ ಉಪಯೋಗವಾಗಲಿಲ್ಲ, ಇಂಜೆಕ್ಷನ್ನಿಂದ ಆಯಿತು. ಮೊದಲು ಅವರಿಗೆ ಸೂಜಿ ಕಂಡರೆ ಕೈ ನಡುಗುತ್ತಿತ್ತು. ಕಲಿಸುವಾಗ ನನ್ನನ್ನೂ ಒಳಗೆ ಕರೆಯಿರಿ ಎಂದು ನಾನು ವೈದ್ಯರನ್ನು ಕೇಳಿಕೊಂಡೆ, ಈಗ ನಾನೇ ಕೊಡುತ್ತೇನೆ. ಹೀಗೆ ಮಾಡಿದ್ದರಿಂದ ಅದು ಅವರೊಬ್ಬರ ಕೊರತೆಯಾಗಿ ಉಳಿಯದೆ ನಮ್ಮಿಬ್ಬರ ಕೆಲಸವಾಯಿತು. ಆದರೂ ನಾವು ಅದನ್ನು ಬಳಸುವುದು ಅಪರೂಪ. ಹೆಚ್ಚಿನ ರಾತ್ರಿಗಳಲ್ಲಿ ಕೈಯಿಂದ, ಮೈಯಿಂದ, ಮಾತಿನಿಂದ ಇಬ್ಬರಿಗೂ ತೃಪ್ತಿಯಾಗುತ್ತದೆ, ಮತ್ತು ಇದನ್ನು ಕಡಿಮೆ ದರ್ಜೆಯದೆಂದು ನಾನು ಯಾವತ್ತೂ ಎಣಿಸಿಲ್ಲ. ನಿಮಗೂ ಹಾಗೆ ಅನಿಸುವುದಾದರೆ ಅವರಿಗೆ ಬಾಯಿಬಿಟ್ಟು ಹೇಳಿ. ಗಂಡಸರು ಇದನ್ನು ತಾವಾಗಿ ಊಹಿಸುವುದಿಲ್ಲ.

ಮಾತು ತೆಗೆಯುವ ಜಾಗದ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ: ಮಲಗುವ ಕೋಣೆಯಲ್ಲಿ, ರಾತ್ರಿಯ ಹೊತ್ತು ಬೇಡ. ಮಗ ಸೊಸೆ ಮನೆಯಲ್ಲಿದ್ದರೆ ಗೋಡೆಗೂ ಕಿವಿಯಿದೆ ಎಂಬ ಅಳುಕು ಬೇರೆ. ಸಂಜೆ ವಾಕಿಂಗ್ ಹೋಗುವಾಗ ಪಕ್ಕಪಕ್ಕದಲ್ಲಿ ನಡೆಯುತ್ತ ಮಾತನಾಡಿದರೆ ಮುಖಕ್ಕೆ ಮುಖ ಕೊಡಬೇಕಾದ ಕಷ್ಟವಿರುವುದಿಲ್ಲ. ನೀವು ಬದಲಾಗಿದ್ದೀರಿ, ನನ್ನನ್ನು ಮುಟ್ಟುವುದಿಲ್ಲ ಎಂದು ಶುರು ಮಾಡಿದರೆ ದೂರಿನಂತೆ ಕೇಳುತ್ತದೆ. "ನೀವು ಪಕ್ಕದಲ್ಲಿ ಮಲಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಇವತ್ತು ಬನ್ನಿ" ಎಂದಷ್ಟೇ ಕರೆಯಿರಿ. ಒಂದೇ ಸಲಕ್ಕೆ ಎಲ್ಲವೂ ಇತ್ಯರ್ಥವಾಗಬೇಕೆಂದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ಗೋಡೆ ಬರಹಗಳಲ್ಲಿ, ಫೋನಿನಲ್ಲಿ ಬರುವ ಪುರುಷತ್ವದ ಪುಡಿ, ಲೇಹ್ಯಗಳನ್ನು ಅವರು ಗುಟ್ಟಾಗಿ ತರಿಸಿಕೊಳ್ಳದಂತೆ ನೋಡಿಕೊಳ್ಳಿ. ಇಂಥ ಜಾಹೀರಾತುಗಳನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ, ಆದರೂ ಅವು ನಿಂತಿಲ್ಲ. ಗಿಡಮೂಲಿಕೆ ಎಂದು ಮಾರುವ ಎಷ್ಟೋ ಪುಡಿಗಳಲ್ಲಿ ಸಿಲ್ಡೆನಾಫಿಲ್ ಅನ್ನೇ ಹೇಳದೆ ಬೆರೆಸಿರುವುದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ನಾಚಿಕೆಯೇ ಈ ವ್ಯಾಪಾರದ ಬಂಡವಾಳ ಎಂದು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ ಕೇಳಿದವರು: ಹಾಸನದ ಗೃಹಿಣಿ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮೈಸೂರಿನ ಅಣ್ಣನವರು ಬರೆದದ್ದನ್ನು ಓದಿ ನಾನು ಬಹಳ ಹೊತ್ತು ಅತ್ತೆ, ಆದರೆ ಮನಸ್ಸು ಹಗುರವಾಯಿತು. ಅವರು ನನ್ನನ್ನು ಬೇಡವೆನ್ನುತ್ತಿಲ್ಲ ಎಂಬುದು ಮೊದಲ ಬಾರಿಗೆ ನನಗೆ ಅರ್ಥವಾಯಿತು. ನಿನ್ನೆ ಸಂಜೆ ವಾಕಿಂಗ್‌ನಲ್ಲಿ ಮಾತು ತೆಗೆದೆ. ಮೊದಲು ಸುಮ್ಮನೆ ನಡೆದರು, ಆಮೇಲೆ ಸೋರಿಕೆಯ ವಿಷಯವನ್ನು ತಾವಾಗಿಯೇ ಹೇಳಿಕೊಂಡರು. ಡಾಕ್ಟರು ಊಹಿಸಿದಂತೆಯೇ ಆಗಿತ್ತು. ಉಳಿದ ವಿಷಯಗಳನ್ನು ಇಬ್ಬರೂ ಸೇರಿ ವೈದ್ಯರ ಬಳಿ ಕೇಳಲು ಒಪ್ಪಿದ್ದಾರೆ.

ಡಾಕ್ಟರೇ, ಒಂದು ಸಂದೇಹ ಉಳಿದಿದೆ. ಅವರು ಬಿ.ಪಿ.ಗೆ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಹೃದಯದ ಕಾಯಿಲೆ ಇಲ್ಲ. ಆದರೆ ನನ್ನ ಮೈದುನನಿಗೆ ಹೃದಯಾಘಾತವಾದಾಗಿನಿಂದ ಆಪತ್ಕಾಲಕ್ಕಿರಲಿ ಎಂದು ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇವೆ. ನೀವು ಹೇಳಿದ ನೈಟ್ರೇಟ್ ಅದೇ ಏನು?

ಉತ್ತರ 6: ಮೂತ್ರಾಂಗ ಶಸ್ತ್ರಚಿಕಿತ್ಸಕ, ಬೆಂಗಳೂರು

ಅದೇ, ಮೇಡಂ. ಕೇಳಿದ್ದು ಒಳ್ಳೆಯದಾಯಿತು, ಅನೇಕ ಮನೆಗಳಲ್ಲಿ ಆ ಮಾತ್ರೆ ಹೀಗೆಯೇ ಇರುತ್ತದೆ. ಮೆಟ್‌ಫಾರ್ಮಿನ್‌ನಿಂದ ತೊಂದರೆಯಿಲ್ಲ. ಆಮ್ಲೋಡಿಪಿನ್ ಜೊತೆಗೆ ರಕ್ತದೊತ್ತಡ ಸ್ವಲ್ಪ ಇಳಿಯಬಹುದಾದ್ದರಿಂದ ವೈದ್ಯರು ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ. ಆದರೆ ಸಿಲ್ಡೆನಾಫಿಲ್ ತೆಗೆದುಕೊಂಡ 24 ಗಂಟೆಗಳೊಳಗೆ, ಟಡಾಲಾಫಿಲ್ ಆದರೆ 48 ಗಂಟೆಗಳೊಳಗೆ, ಎದೆನೋವು ಬಂದರೂ ಸಾರ್ಬಿಟ್ರೇಟ್ ಕೊಡಬಾರದು. ನೇರವಾಗಿ ಆಸ್ಪತ್ರೆಗೆ ಕರೆದೊಯ್ದು, ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ತೆಗೆದುಕೊಂಡಿದ್ದಾರೆ ಎಂಬುದನ್ನು ಅಲ್ಲಿನ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಟಡಾಲಾಫಿಲ್ ಅನ್ನು ದಿನವೂ ತೆಗೆದುಕೊಳ್ಳಲು ಬರೆದುಕೊಟ್ಟರೆ ಆ ಸಾರ್ಬಿಟ್ರೇಟನ್ನು ಮನೆಯಲ್ಲಿ ಇಡಲೇಬೇಡಿ. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿ ಇದ್ದರೆ ಮುಂದಿನ ಭೇಟಿಗೆ ಅದನ್ನೂ ತನ್ನಿ.